ಬೊಂಬೆಯ ಹಿಂದೆಯೂ ಹೋಗಿ ನೋಡಿ

ಫ್ಯಾಷನ್ ಪ್ರದರ್ಶನದ ಫೋಟೋಗಳು ಆನ್‌ಲೈನಲ್ಲೇ ಸಿಗುವಾಗ ಮ್ಯೂಸಿಯಂ ತನಕ ಯಾಕೆ ಹೋಗಬೇಕು ಅಂತ ಕೆಲವರು ಕೇಳುತ್ತಾರೆ. ಬ್ರಿಟಿಷ್ ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್‌ಕ್ವೀನ್ 2001ರ ಸಂಗ್ರಹಕ್ಕೆ ಮಾಡಿದ ಕೆಂಪು ಉಡುಪನ್ನೇ ತಗೊಳ್ಳಿ. ಫೋಟೋದಲ್ಲಿ ಮೇಲ್ಭಾಗಕ್ಕೆ ಚಮಕಿ ಹಚ್ಚಿದ ಹಾಗಿದೆ. ಹತ್ತಿರದಿಂದ ನೋಡಿದರೆ ಒಂದೊಂದೂ ಕೆಂಪು ಬಣ್ಣ ಬಳಿದ ಗಾಜಿನ ಸ್ಲೈಡ್. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಇಡುತ್ತಾರಲ್ಲ, ಅದೇ! ಕೆಳಗೆ ಆಸ್ಟ್ರಿಚ್ ಗರಿಗಳ ಲಂಗ. ಇದನ್ನು ಹಾಕಿಕೊಂಡು ಹೇಗೆ ನಡೆದರೋ! 2011ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿ ನಡೆದ ಮೆಕ್‌ಕ್ವೀನ್ ಉಡುಪುಗಳ ಪ್ರದರ್ಶನಕ್ಕೆ 6.6 ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದು ಸುಮ್ನೆ ಅಲ್ಲ.

ಇನ್ನು, ಇಂಥ ಪ್ರದರ್ಶನಗಳ ಒಳಗೆ ಕತ್ತಲೆ ಅನ್ನುವ ದೂರು. ಅದಕ್ಕೆ ಕಾರಣ ಇದೆ. ಬೆಳಕಿಗೆ ಬಟ್ಟೆಯ ಬಣ್ಣ ಮಾಸುತ್ತದೆ, ನೂಲು ಜೀರ್ಣವಾಗುತ್ತದೆ. ಹಾಗಾಗಿ ಹಳೆಯ ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟೇ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಬಿಡುತ್ತಾರೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಪಕ್ಕದ ಫಲಕ ಓದಿ. ಆಮೇಲೆ ಸಾಧ್ಯವಾದರೆ ಉಡುಪು ತೊಡಿಸಿದ ಬೊಂಬೆಯ ಹಿಂದೆ ಹೋಗಿ. ಹುಕ್, ಗುಂಡಿ, ಹೊಲಿಗೆಯ ಕಸರತ್ತು ಎಲ್ಲ ಹೆಚ್ಚಾಗಿ ಅಲ್ಲೇ ಇರುತ್ತದೆ. ಫೋಟೋ ತೆಗೆಯುವವರು ಆ ಕಡೆ ಬರುವುದೇ ಕಡಿಮೆ, ಅಲ್ವಾ? ನಿಲ್ಲಲು ಜಾಗವೂ ಸಿಗುತ್ತದೆ.