ಕಾರ್ಪೊರೇಟರ್ ಕೆಟ್ಟಿದೆ

ನಮ್ಮ ಮೂಡಿಗೆರೆ ಕಡೆಯ ಗ್ಯಾರೇಜುಗಳಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗವನ್ನು ಕಾರ್ಬುರೇಟರ್ ಅನ್ನುವವರನ್ನು ನಾನಂತೂ ಕಂಡಿಲ್ಲ. ಅದು ‘ಕಾರ್ಪೊರೇಟರ್’. ಹಾಗಾಗಿ ಕಳೆದ ಏಪ್ರಿಲ್‌ನಲ್ಲಿ ಚಾರ್ಮಾಡಿ ಘಾಟಿಯ ನಡುವೆ ನಿಂತು ಬೆಂಗಳೂರಿನ ಭಾಮೈದನಿಗೆ ಫೋನು ಮಾಡಿ, ‘ಜೀಪಿನ ಕಾರ್ಪೊರೇಟರ್ ಕೈಕೊಟ್ಟಿದೆ ಮಾರಾಯ’ ಅಂದೆ. ಅವನು ತಣ್ಣಗೆ, ‘ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲೇ ಎಲ್ಲರ ಅವಧಿ ಮುಗೀತು ಭಾವ. ಆಮೇಲೆ ವರ್ಷಗಟ್ಟಲೆ ಒಬ್ಬರೂ ಇಲ್ಲದೆ ಇಡೀ ಊರೇ ನಡೀತು. ನಿಮ್ಮ ಒಂದು ಜೀಪು ನಡೆಯಲ್ವಾ?’ ಅಂದ.

ನಡೆಯಲಿಲ್ಲ. ಉಜಿರೆಯ ಕಡೆ ಮದುವೆ ಊಟ ಮುಗಿಸಿ, ಹಿಂದೆ ನಾಲ್ಕು ಹಲಸಿನಹಣ್ಣು ಹೇರಿಕೊಂಡು, ಮಟಮಟ ಮಧ್ಯಾಹ್ನ ಘಾಟಿ ಹತ್ತಿದ್ದೆವು. 1993ರ ಪೆಟ್ರೋಲ್ ಜೀಪು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪಾಪ, ತಪ್ಪು ಕಾರ್ಬುರೇಟರಿನದ್ದೂ ಅಲ್ಲ. ಎಂಜಿನ್ನಿನ ಪಕ್ಕದಲ್ಲೇ ಕೂತ ಪಂಪು ಕಾದು, ಪೈಪಿನೊಳಗಿನ ಪೆಟ್ರೋಲು ಕುದ್ದು ಆವಿಯಾಗಿತ್ತು. ಪಂಪು ಎಷ್ಟು ಎಳೆದರೂ ಬರುವುದು ಬರೀ ಆವಿ. ಮದ್ದು ಸುಲಭ: ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಬಟ್ಟೆಗೆ ಸಿಕ್ಕಿದ್ದು, ಮದುವೆಮನೆಯಲ್ಲಿ ಮಾವನವರಿಗೆ ಆಗಷ್ಟೇ ಹೊದಿಸಿದ್ದ ಜರಿ ಶಲ್ಯ. ಕುಡಿಯುವ ನೀರು ಖಾಲಿಯಾಗಿತ್ತು. ಉಳಿದದ್ದು ಎಳನೀರು. ಅರ್ಧ ಗಂಟೆಯ ಮೇಲೆ ಜೀಪು ಹೊರಟಾಗ ಎಂಜಿನ್ನಿನಿಂದ ಪಾಯಸ ತಳ ಹಿಡಿದ ವಾಸನೆ ಬರುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವವರೆಗೂ ಮಾವ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಅವತ್ತೇ ತೀರ್ಮಾನಿಸಿದೆ, ಕಾರ್ಬುರೇಟರ್ ಬಿಟ್ಟು, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ನಿಗೆ ಬದಲಾಯಿಸಿಬಿಡುವುದು ಅಂತ. ಲೋಕವೆಲ್ಲ ಬದಲಾಗಿದೆ. 2000ದ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ಬಿಗಿಯಾದ ಮೇಲೆ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಮೂಲೆ ಸೇರಿತು. 2020ರಲ್ಲಿ ಬಿಎಸ್6 ಅನ್ನುವ ಇನ್ನೂ ಬಿಗಿಯಾದ ಹೊಗೆ ನಿಯಮ ಬಂದು, ಡೇರಿಗೆ ಹಾಲು ಹಾಕಲು ಹೋಗುವ ಬೈಕಿಗೂ ಇಂಜೆಕ್ಷನ್ ಆಯಿತು. ನಾನೊಬ್ಬ ಬೆಳಗಿನ ಚಳಿಯಲ್ಲಿ ಚೋಕ್ ಎಳೆದುಕೊಂಡು ‘ಬಾರಮ್ಮ, ಬಾರಮ್ಮ’ ಅನ್ನುತ್ತಾ ಕೂರುವುದು ಯಾವ ನ್ಯಾಯ? ಸಾಲದ್ದಕ್ಕೆ ಶೇಕಡಾ 20 ಎಥನಾಲ್, ಅಂದರೆ ಮದ್ಯಸಾರ, ಬೆರೆಸಿದ ಪೆಟ್ರೋಲು ಬೇರೆ. ಅದಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದೂ ನಮ್ಮ ಬೆಂಗಳೂರಿನಲ್ಲೇ. ನನ್ನ ಜೀಪಿನ ರಬ್ಬರುಗಳು ಹಳೇ ಕಾಲದವು, ಕುಡಿದು ಅಭ್ಯಾಸವಿಲ್ಲ.

ನಮ್ಮ ಮೆಕ್ಯಾನಿಕ್ ಭಾಯ್ ಎಲ್ಲ ಕೇಳಿ ಗಡ್ಡ ಕೆರೆದುಕೊಂಡರು. ‘ಆಗುತ್ತೆ ಗೌಡ್ರೇ. ಹಳೇ ಕಾರಿನ ಇಂಜೆಕ್ಷನ್ ಎಂಜಿನ್ ತರಬೇಕು. ವೈರಿಂಗು, ಕಂಪ್ಯೂಟರು, ಟ್ಯಾಂಕಿನೊಳಗೆ ಕರೆಂಟ್ ಪಂಪು, ಪೆಟ್ರೋಲ್ ವಾಪಸ್ ಬರೋಕೆ ಇನ್ನೊಂದು ಪೈಪು. ಎಂಜಿನ್ ನಂಬರ್ ಬದಲಾದರೆ ಆರ್‌ಟಿಒಗೂ ಹೋಗಬೇಕು.’ ಎಪ್ಪತ್ತು ಸಾವಿರದ ಮೇಲೆ ಅಂದರು. ಆರ್‌ಟಿಒ ಅಂದಾಗಲೇ ನನ್ನ ಅರ್ಧ ಉತ್ಸಾಹ ಇಳಿದಿತ್ತು.

ಉಳಿದರ್ಧವನ್ನು ಇಳಿಸಿದವನು ನನ್ನ ಷಡ್ಡಕ. ಅವನದ್ದು ಇಂಜೆಕ್ಷನ್ ಜೀಪು. ಗಾಳಿ ಎಷ್ಟು ಬಂತು, ಬಿಸಿ ಎಷ್ಟಿದೆ ಅಂತ ಸೆನ್ಸರು ಲೆಕ್ಕ ಕೊಟ್ಟು, ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯ ತೂಕ ಸರಿಹೊಂದುವಂತೆ ಕಂಪ್ಯೂಟರೇ ಚಿಮ್ಮಿಸುತ್ತದೆ ಅಂತ ಹೋದಲ್ಲೆಲ್ಲ ಭಾಷಣ ಮಾಡುತ್ತಿದ್ದ. ಮಳೆಗಾಲದಲ್ಲಿ ಒಂದು ವಾರ ಶೆಡ್ಡಿನಲ್ಲಿ ನಿಂತ ಜೀಪು ಆಮೇಲೆ ಸ್ಟಾರ್ಟೇ ಆಗಲಿಲ್ಲ. ಲಾರಿಗೆ ಹಾಕಿಕೊಂಡು ಹಾಸನಕ್ಕೆ ಒಯ್ದರು. ಸ್ಕ್ಯಾನರ್ ಚುಚ್ಚಿದರೆ ಹನ್ನೊಂದು ದೋಷ ತೋರಿಸಿತಂತೆ. ಹನ್ನೊಂದಕ್ಕೂ ಕಾರಣ ಒಂದೇ ಇಲಿ. ವೈರುಗಳನ್ನು ತಿಂದು, ಏರ್ ಫಿಲ್ಟರಿನಲ್ಲಿ ಬಾಣಂತನವನ್ನೂ ಮುಗಿಸಿತ್ತು. ಕಾಫಿ ತೋಟದ ಇಲಿಗಳ ವಿಷಯ ಗೊತ್ತಿದ್ದವರು ಇದನ್ನು ನಂಬುತ್ತಾರೆ. ಕಾರ್ಬುರೇಟರನ್ನು ತಿನ್ನುವ ಇಲಿ ಇನ್ನೂ ಹುಟ್ಟಿಲ್ಲ.

ಸರಿ, ಇದ್ದದ್ದೇ ಇರಲಿ ಅಂದುಕೊಳ್ಳುವಷ್ಟರಲ್ಲಿ ಜೀಪಿಗೆ ಹೊಸ ರೋಗ ಬಂತು. ಲೀಟರಿಗೆ ಹತ್ತು ಕೊಡುತ್ತಿದ್ದದ್ದು ಆರಕ್ಕೆ ಇಳಿಯಿತು. ಹಿಂದೆ ಕರಿ ಹೊಗೆ. ಪ್ಲಗ್ ಬಿಚ್ಚಿದರೆ ಕಾಡಿಗೆ ಡಬ್ಬಿ. ಭಾಯ್ ಕಾರ್ಬುರೇಟರ್ ಇಳಿಸಿ ಪತ್ರಿಕೆಯ ಮೇಲೆ ಹರಡಿದರು. ಪೆಟ್ರೋಲು ಹಾಯುವ ಸೂಜಿಕಣ್ಣಿನಂಥ ಜೆಟ್ಟುಗಳನ್ನು ಒಂದೊಂದಾಗಿ ಬಾಯಿಗಿಟ್ಟು ಊದಿ, ಪೆಟ್ರೋಲು ಉಗುಳಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೆ ಜೋಡಿಸಿ, ಗಾಳಿ-ಪೆಟ್ರೋಲಿನ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಬಿಚ್ಚಿ, ಕಣ್ಣು ಮುಚ್ಚಿ ಆಲಿಸಿದರು. ಆಮೇಲೆ ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ತಂಬೂರಿ ಶ್ರುತಿ ಮಾಡುವವರು ಮಾತ್ರ ಹೀಗೆ ಕೂರುವುದನ್ನು ನೋಡಿದ್ದೆ. ‘ಈಗ ಹಾಡ್ತಾ ಇದೆ ನೋಡಿ’ ಅಂದರು. ನಿಜಕ್ಕೂ ಹಾಡುತ್ತಿತ್ತು.

ಎರಡು ದಿನ. ಮತ್ತೆ ಲೀಟರಿಗೆ ಆರು, ಮತ್ತೆ ಹೊಗೆ. ಕಾರ್ಬುರೇಟರಿನ ಬಿಡಿಭಾಗಗಳ ಹೊಸ ಕಿಟ್ ತರಿಸಿ ಹಾಕಿದೆವು. ಮತ್ತೆ ಎರಡು ದಿನ.

ಮೂರನೇ ಸಲ ಭಾಯ್ ಬಾನೆಟ್ಟನ್ನೇ ಎತ್ತಲಿಲ್ಲ. ‘ಒಂದು ರೌಂಡು ಹೋಗೋಣ’ ಅಂದರು. ಪೇಟೆಗೆ ಹೊರಟಿದ್ದ ನನ್ನ ಹೆಂಡತಿಯೂ ಮುಂದೆ ಹತ್ತಿದಳು. ಹತ್ತಿದವಳೇ, ಮೂರು ಕೆಜಿ ತೂಗುವ ತನ್ನ ಬ್ಯಾಗನ್ನು ಡ್ಯಾಶ್‌ಬೋರ್ಡಿನ ಕೆಳಗಿದ್ದ ಕರಿ ನಾಬಿಗೆ ನೇತುಹಾಕಿದಳು. ನಾಬು ಮೆಲ್ಲಗೆ ಹೊರಕ್ಕೆ ಜಾರಿತು. ಅದು ಚೋಕ್. ಎಳೆದರೆ ಗಾಳಿ ಕಟ್ಟಾಗಿ ಎಂಜಿನ್ನಿಗೆ ಪೆಟ್ರೋಲೇ ಪೆಟ್ರೋಲು.

ಭಾಯ್ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ಕಾಫಿ ಗಿಡ ನೋಡಿದೆ. ‘ಅದಿರೋದೇ ಬ್ಯಾಗ್ ಹಾಕೋಕೆ ಅಂದ್ಕೊಂಡಿದ್ದೆ. ಇಷ್ಟು ದಿನ ಯಾರಾದ್ರೂ ಹೇಳಿದ್ರಾ?’ ಅಂದಳು ಇವಳು. ಯಾರೂ ಹೇಳಿರಲಿಲ್ಲ, ನಿಜ.

ಭಾಯ್ ಹಾರ್ಡ್‌ವೇರ್ ಅಂಗಡಿಯಿಂದ ಹದಿನೈದು ರೂಪಾಯಿಯ ಕೊಕ್ಕೆ ತಂದು ಪಕ್ಕದಲ್ಲೇ ಬಿಗಿದು ಕೊಟ್ಟರು. ಈಗ ಅದರಲ್ಲಿ ನನ್ನ ಛತ್ರಿ ನೇತಾಡುತ್ತಿದೆ. ಬ್ಯಾಗು ಚೋಕಿನಲ್ಲೇ ಇದೆ.