ಹನ್ನೆರಡನೇ ವೈರು

ನನ್ನ ಮೇಜಿನ ಕೆಳಗೆ 12 ವೈರುಗಳಿವೆ. ಮೊನ್ನೆ ಪೆನ್ನು ಬಿತ್ತು ಅಂತ ಬಗ್ಗಿದವನು, ಹೇಗೂ ಬಗ್ಗಿದ್ದಾಯ್ತಲ್ಲ ಅಂತ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎಣಿಸಿದೆ. ಮಾನಿಟರ್ ಎರಡು, ಅವಕ್ಕೆ ಕರೆಂಟಿನ ವೈರು ಎರಡು, ಲ್ಯಾಪ್‌ಟಾಪಿಗೆ ಸೇರಿಸುವ ವೈರು ಎರಡು. ಲ್ಯಾಪ್‌ಟಾಪ್ ಚಾರ್ಜರ್ ಒಂದು. ನೆಟ್‌ವರ್ಕಿನ ನೀಲಿ ಕೇಬಲ್ ಒಂದು. ಮೊಬೈಲ್ ಚಾರ್ಜರ್, ಹೆಡ್‌ಸೆಟ್ ಚಾರ್ಜರ್, ಒಂದು ಪುಟಾಣಿ ಫ್ಯಾನು. ಯಾರೂ ಎತ್ತದ ಡೆಸ್ಕ್ ಫೋನಿನದ್ದು ಒಂದು. ಇವನ್ನೆಲ್ಲ ಸಾಕುತ್ತಿರುವ ಸ್ಪೈಕ್ ಬಸ್ಟರು, ಅಂದರೆ ಸಾಲು ಸಾಕೆಟ್ಟಿನ ಪಟ್ಟಿ, ಅದರದ್ದು ಒಂದು. ಹನ್ನೊಂದಾಯ್ತು. ಹನ್ನೆರಡನೆಯದು ಬೂದು ಬಣ್ಣದ್ದು. ಪಾರ್ಟಿಷನ್ನಿನ ಒಂದು ತೂತಿನಿಂದ ಹೊರಗೆ ಬಂದು, ನನ್ನ ಕಾಲ ಪಕ್ಕ ಎರಡು ಸುತ್ತು ಸುತ್ತಿ, ನೆಟ್‌ವರ್ಕ್ ಡಬ್ಬಿಯ ಎರಡನೇ ಪೋರ್ಟಿಗೆ ಸಿಕ್ಕಿಕೊಂಡಿದೆ. ಇನ್ನೊಂದು ತುದಿ ಎಲ್ಲಿದೆಯೋ ದೇವರಿಗೇ ಗೊತ್ತು. ಅದಕ್ಕೊಂದು ಕಂದು ಟೇಪು ಸುತ್ತಿ, ಮೇಲೆ ಪೆನ್ನಲ್ಲಿ ಯಾರೋ ಬರೆದಿದ್ದಾರೆ: ತೆಗೆಯಬೇಡಿ.

ನಮ್ಮ ಆಫೀಸು ಇರುವುದು ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕ. ಬರುವ ದಾರಿಯಲ್ಲಿ ಮರದಿಂದ ಮರಕ್ಕೆ ಜೋತುಬಿದ್ದ ಇಂಟರ್ನೆಟ್ ಕೇಬಲ್‌ಗಳನ್ನು ನೋಡಿ "ಈ ಊರು ಉದ್ಧಾರ ಆಗಲ್ಲ ಬಿಡಿ" ಅಂತ ಗೊಣಗುತ್ತಾ ಬರುತ್ತೇವೆ. ಆಮೇಲೆ ಒಳಗೆ ಬಂದು, ಅದಕ್ಕಿಂತ ದಟ್ಟ ಪೊದೆಯೊಳಗೆ ಕಾಲಿಟ್ಟು ಎಂಟು ಗಂಟೆ ಕೂರುತ್ತೇವೆ. ಹೊರಗಿನದು ಕಣ್ಣಿಗೆ ಕಾಣುತ್ತದೆ, ಒಳಗಿನದಕ್ಕೆ ಬಟ್ಟೆ ಹೊದಿಸಿದ ಪಾರ್ಟಿಷನ್ ಇದೆ, ಅಷ್ಟೇ. ಮೇಲೆಲ್ಲ ಥಳುಕು ಒಳಗೆಲ್ಲ ಹುಳುಕು ಅನ್ನೋ ಮಾತು ಹುಟ್ಟಿದ್ದೇ ಯಾವುದೋ ವರ್ಕ್‌ಸ್ಟೇಷನ್ನಿನ ಕೆಳಗೆ ಅಂತ ನನ್ನ ಗುಮಾನಿ.

ಫರ್ನಿಚರ್‌ನವರ ಕ್ಯಾಟಲಾಗ್ ನೋಡಿದ್ದೀರಾ? ಬಿಳಿ ಮೇಜು, ಒಂದು ಪುಟ್ಟ ಗಿಡ, ತೆರೆದಿಟ್ಟ ಲ್ಯಾಪ್‌ಟಾಪು, ಪಕ್ಕದಲ್ಲಿ ಕಾಫಿ ಕಪ್ಪು. ಒಂದೇ ಒಂದು ವೈರಿಲ್ಲ. ಲ್ಯಾಪ್‌ಟಾಪು ಉರಿಯುತ್ತಿದೆ, ಮೇಜಿನ ದೀಪ ಉರಿಯುತ್ತಿದೆ, ಎಲ್ಲಿಂದ ಅಂತ ಕೇಳಬಾರದು. ಹುಡುಗನ ಫೋಟೋ ನೋಡಿ ಮದುವೆಗೆ ಒಪ್ಪಿದ ಹಾಗೆ ನಮ್ಮ ಅಡ್ಮಿನ್ ಸಾಹೇಬರು ಆ ಫೋಟೋಗೆ ಸೋತು ಆರ್ಡರ್ ಕೊಟ್ಟರು. ಸಂಸಾರ ಮಾಡುತ್ತಿರುವವರು ನಾವು.

ಈ ಪಾರ್ಟಿಷನ್ ವಂಶದ ಮೂಲಪುರುಷ ಅಮೆರಿಕದ ರಾಬರ್ಟ್ ಪ್ರಾಪ್‌ಸ್ಟ್. ಹರ್ಮನ್ ಮಿಲ್ಲರ್ ಕಂಪನಿಗೆ 1964ರಲ್ಲಿ 'ಆ್ಯಕ್ಷನ್ ಆಫೀಸ್' ಅಂತ ಮಾಡಿಕೊಟ್ಟರು. ಅದು ಅಷ್ಟಾಗಿ ಓಡಲಿಲ್ಲ. 1968ರಲ್ಲಿ ಎತ್ತಿ ಜೋಡಿಸುವ ಗೋಡೆಗಳಿದ್ದ ಎರಡನೇದು ಬಂತು ನೋಡಿ, ಅದು ಓಡಿದ್ದಲ್ಲ, ಊರೂರಿಗೂ ನುಗ್ಗಿತು. ಅವರ ಆಸೆ ಒಳ್ಳೆಯದೇ ಇತ್ತು. ಕೆಲಸ ಬದಲಾದ ಹಾಗೆ ಗೋಡೆಯೂ ಜಾಗ ಬದಲಿಸಬೇಕು, ಮನುಷ್ಯ ಎದ್ದು ಓಡಾಡಬೇಕು. ಕಂಪನಿಗಳು ಅದೇ ಗೋಡೆಯಲ್ಲಿ ಸಾಲು ಸಾಲು ಪಾರಿವಾಳದ ಗೂಡು ಕಟ್ಟಿದವು. 2000ದಲ್ಲಿ ತೀರಿಕೊಳ್ಳುವ ಮೊದಲು ಪ್ರಾಪ್‌ಸ್ಟ್ ಅವರೇ ಇದನ್ನು ಹುಚ್ಚು ಅಂತ ಬೈದಿದ್ದರು. ಪಾಪ, 1968ರಲ್ಲಿ ಮೇಜಿನ ಮೇಲೆ ಇದ್ದದ್ದಾದರೂ ಏನು? ಒಂದು ಫೋನು, ಒಂದು ದೀಪ, ಜಾಸ್ತಿ ಅಂದ್ರೆ ಒಂದು ಟೈಪ್‌ರೈಟರು.

ಇಂಥ ಫರ್ನಿಚರಿಗೆ ಮಾಡ್ಯುಲರ್ ಅಂತ ಹೆಸರು. ಮಾಡ್ಯುಲರ್ ಅಂದರೆ ಬೇಕಾದಾಗ ಬಿಚ್ಚಿ ಬೇಕಾದಲ್ಲಿ ಜೋಡಿಸುವುದು, ಅಲ್ವಾ? ನಮ್ಮಲ್ಲಿ ಒಂದು ಸಲ ಆ ಪ್ರಯತ್ನ ನಡೆಯಿತು. ನಮ್ಮ ಟೀಮ್ ಲೀಡ್ ತಲೆಯ ಮೇಲೆ ನೇರವಾಗಿ ಎಸಿ ಬೀಸುತ್ತಿತ್ತು. ಎರಡೇ ಎರಡು ಅಡಿ ಆಚೆ ಸರಿಸಿ ಅಂತ ಟಿಕೆಟ್, ಅಂದರೆ ಆಫೀಸಿನ ದೂರು, ಹಾಕಿದರು. ಕಾರ್ಪೆಂಟರ್ ಬಂದ. ಪಾರ್ಟಿಷನ್ನಿನ ಅಡಿಪಟ್ಟಿ ತೆಗೆದು ಒಳಗೆ ಇಣುಕಿ, ಹಾವು ಕಂಡವನಂತೆ ಹಿಂದೆ ಸರಿದ. "ವೈರ್ ಬಿಚ್ಚಿಸಿ ಸಾರ್, ಆಮೇಲೆ ನಾನು ಪ್ಯಾನೆಲ್ ಮುಟ್ತೀನಿ." ಎಲೆಕ್ಟ್ರೀಷಿಯನ್ ಬಂದ. "ಪ್ಯಾನೆಲ್ ಬಿಚ್ಚಿಸಿ ಸಾರ್, ಆಮೇಲೆ ನಾನು ವೈರ್ ಮುಟ್ತೀನಿ." ಐಟಿ ಹುಡುಗ ಬಂದ. ಅವನದು ಬರೀ ನೆಟ್‌ವರ್ಕ್ ಕೇಬಲ್ಲು, ಕರೆಂಟಿನ ವೈರು ಜೊತೆಗಿದ್ದರೆ ಅವನು ಕೈ ಹಾಕುವ ಹಾಗಿಲ್ಲವಂತೆ, ವರ್ಷದ ನಿರ್ವಹಣೆ ಕರಾರು ಎಎಂಸಿಯಲ್ಲಿ ಬರೆದಿದೆಯಂತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಮ್ಮಲ್ಲಿ ಮೂರನೇದೊಂದು ಅಲ್ಲೇ ಮಲಗಿತು. ಮೂರು ವಾರ ಆದಮೇಲೆ ಹೌಸ್‌ಕೀಪಿಂಗ್ ಅಣ್ಣ ಏಣಿ ತಂದು, ಎಸಿ ಬಾಯಿಗೆ ಒಂದು ರಟ್ಟು ಅಂಟಿಸಿದರು. ಟಿಕೆಟ್ ಕ್ಲೋಸ್ ಆಯ್ತು. ಮೇಜು ಅಲ್ಲೇ ಇದೆ.

ಆ ಅಡಿಪಟ್ಟಿಯ ಒಳಗೆ ನಾನೂ ಇಣುಕಿದ್ದೆ. ಅದಕ್ಕೆ ರೇಸ್‌ವೇ ಅಂತಾರೆ. ನಡುವೆ ಒಂದು ತಗಡಿನ ತಡೆ ಇರುತ್ತದೆ, ಒಂದು ಕಡೆ ಕರೆಂಟು, ಇನ್ನೊಂದು ಕಡೆ ಡೇಟಾ. ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ಎಳೆ ನಾಲ್ಕು ಜೋಡಿಯಾಗಿ ಹುರಿಗೊಂಡಿರುತ್ತವೆ. ಆ ಹುರಿ ಸುಮ್ನೆ ಚಂದಕ್ಕಲ್ಲ, ಅಕ್ಕಪಕ್ಕದ ಗಲಾಟೆ ತಾಗದಿರಲಿ ಅಂತ. ಜಾಸ್ತಿ ಬಾಗಿಸಬಾರದು, ಬಿಗಿಯಾಗಿ ಕಟ್ಟಬಾರದು. ನಮ್ಮಲ್ಲಿ ಜಾಗ ಸಾಲದೆ ಆ ತಡೆಯನ್ನೇ ಕಿತ್ತು ಬಿಸಾಕಿದ್ದಾರೆ. ಕರೆಂಟು, ಡೇಟಾ, ಫೋನು ಎಲ್ಲ ಸೇರಿ ಒತ್ತುಶಾವಿಗೆಯ ಮುದ್ದೆ. ಮೇಲಿಂದ ಪ್ಲಾಸ್ಟಿಕ್ ಟೈ, ಬೆನ್ನು ನೋವಿಗೆ ಸೊಂಟಕ್ಕೆ ಬೆಲ್ಟು ಬಿಗಿದ ಹಾಗೆ. ಮುದ್ದೆಯ ನಡುವೆ ಒಂದು ಬಿಸ್ಕತ್ತಿನ ಕವರು. ಅದು ಒಳಗೆ ಹೇಗೆ ಹೋಯ್ತು ಅಂತ ಎಲೆಕ್ಟ್ರೀಷಿಯನ್‌ನ ಕೇಳಿದೆ. "ಇಲಿ ಸಾರ್" ಅಂದ, ಸಹೋದ್ಯೋಗಿಯ ಬಗ್ಗೆ ಮಾತಾಡುವಷ್ಟು ಸಲೀಸಾಗಿ.

ಇನ್ನು ಸಾಕೆಟ್ಟು. ಒಂದು ಮೇಜಿಗೆ ಕೆಂಪು ಎರಡು, ಬಿಳಿ ಒಂದು. ಕೆಂಪಿಗೆ ಯುಪಿಎಸ್ ಕರೆಂಟು ಬರುತ್ತದೆ, ಅದು ಕಂಪ್ಯೂಟರಿಗೆ ಮಾತ್ರ. ಈ ಮಾತನ್ನು ಗೋಡೆ ಮೇಲೆ ಬರೆದು ಅಂಟಿಸಿದ್ದಾರೆ. ಹಾಗಾಗಿ ಕೆಂಪು ಸಾಕೆಟ್ಟಿನಲ್ಲಿ ಸ್ಪೈಕ್ ಬಸ್ಟರು, ಅದರಲ್ಲಿ ಇನ್ನೊಂದು ಸ್ಪೈಕ್ ಬಸ್ಟರು, ಅದರಲ್ಲಿ ಕಿಟಕಿ ಪಕ್ಕದವರ ನೀರು ಕಾಯಿಸುವ ಕೆಟಲ್ಲು. ಕೆಟಲ್ಲಿನ ತಳದಲ್ಲಿ 1500 ವ್ಯಾಟ್ ಅಂತ ಅಚ್ಚಾಗಿದೆ. ಸಾಕೆಟ್ಟು 6 ಆಂಪಿಯರಿನದ್ದು, 230 ವೋಲ್ಟಿಗೆ ಲೆಕ್ಕ ಹಾಕಿದರೆ 1380 ವ್ಯಾಟಿಗೆ ಮುಗೀತು. ಕೆಟಲ್ಲಿನ ದಪ್ಪ ಪಿನ್ನು ಅಲ್ಲಿ ಹಿಡಿಸುವುದೂ ಇಲ್ಲ. ಹಿಡಿಸದಿರಲಿ ಅಂತಲೇ ಪಿನ್ನು ದಪ್ಪ ಮಾಡಿರುವುದು. ನಮ್ಮವರು ಬಿಡ್ತಾರಾ? ಅಂಗಡಿಯಲ್ಲಿ ಕನ್ವರ್ಟರ್ ಸಿಗುತ್ತದೆ.

ಹೋದ ಆಯುಧಪೂಜೆಗೆ ಇದರ ಫಲ ಸಿಕ್ಕಿತು. ಎಲ್ಲ ಮಾನಿಟರಿಗೂ ವಿಭೂತಿ, ಕರೆಂಟು ಹಂಚುವ ಡಿಬಿ ಬಾಕ್ಸಿಗೆ ಕುಂಕುಮ, ಸೇವಂತಿಗೆ ಹಾರ. ಪಾರ್ಟಿಷನ್ ಉದ್ದಕ್ಕೂ ಸೀರಿಯಲ್ ಸೆಟ್ಟು. ಯಾರೋ ಭಕ್ತಿ ಜಾಸ್ತಿಯಾಗಿ ಸ್ಪೈಕ್ ಬಸ್ಟರಿಗೂ ಕುಂಕುಮ ಹಚ್ಚಿದರು, ಅದು ಮೂರನೇ ಸಾಕೆಟ್ಟಿನ ತೂತಿನೊಳಗೆ ಉದುರಿತು. ಸರಿಯಾಗಿ ಮಂಗಳಾರತಿ ಹೊತ್ತಿಗೆ ಟಪ್ ಅಂತ ಕರೆಂಟು ಕಡಿಯುವ ಸ್ವಿಚ್ಚು ಎಂಸಿಬಿ ಬಿತ್ತು, ನಮ್ಮ ಸಾಲು ಪೂರ್ತಿ ಕತ್ತಲೆ. ದೃಷ್ಟಿ ಆಯ್ತು ಅಂದರು ಒಬ್ಬರು. ಬೂದುಗುಂಬಳ ಮೊದಲೇ ಒಡೆಯಬೇಕಿತ್ತು ಅಂದರು ಇನ್ನೊಬ್ಬರು. ಎಲೆಕ್ಟ್ರೀಷಿಯನ್ ಮಾತ್ರ ಕೈಯಲ್ಲಿದ್ದ ಪ್ರಸಾದ ಬಾಯಿಗೆ ಹಾಕಿಕೊಂಡು, ಕಿಟಕಿ ಪಕ್ಕದ ಆವಿಯನ್ನೇ ನೋಡುತ್ತಾ "ಲೋಡು ಸಾರ್" ಅಂದ. ಅವನ ಮಾತು ಯಾರಿಗೂ ಬೇಕಿರಲಿಲ್ಲ.

ಫೈರ್ ಆಡಿಟ್‌ನವರು ಬರುವ ದಿನ ಮಾತ್ರ ಎಲ್ಲ ಸರಿಯಾಗುತ್ತದೆ. ಕೆಟಲ್ಲು ಡ್ರಾಯರಿಗೆ ಹೋಗುತ್ತದೆ, ವೈರು ಕಾಲಲ್ಲಿ ಒಳಗೆ ತಳ್ಳಿಸಿಕೊಳ್ಳುತ್ತದೆ. ಬಂದವರು ಕ್ಯಾಟಲಾಗಿನ ಫೋಟೋ ನೋಡಿ ಹೋಗುತ್ತಾರೆ.

ಹೋದ ತಿಂಗಳು ಹೊಸ ಮೇಲ್ ಬಂತು. ಇನ್ನು ಮುಂದೆ ನಮ್ಮದು ವೈರ್‌ಲೆಸ್ ಆಫೀಸ್ ಅಂತೆ. ಒಂದು ಶನಿವಾರ ಆರು ಜನ ಬಂದು ಸೀಲಿಂಗ್ ಬಿಚ್ಚಿ ಇಡೀ ದಿನ ಕೇಬಲ್ ಎಳೆದರು. ಇದ್ಯಾಕೆ ಅಂತ ಕೇಳಿದರೆ, ವೈಫೈ ಡಬ್ಬಿಗಳಿಗೆ ವೈರು ಬೇಕಲ್ಲ ಸಾರ್ ಅಂದರು. ಹಳೇ ಕೇಬಲ್ ತೆಗೆಯೋದು? ಅದು ಅವರ ಸ್ಕೋಪಿನಲ್ಲಿ ಇಲ್ಲ.

ಇದನ್ನೆಲ್ಲ ನೋಡಿ ನನಗೂ ಸ್ವಲ್ಪ ಧೈರ್ಯ ಬಂತು. ಶುಕ್ರವಾರ ಸಂಜೆ ಎಲ್ಲರೂ ಕ್ಯಾಬ್ ಹಿಡಿಯಲು ಹೋದಮೇಲೆ, ಮೇಜಿನ ಕೆಳಗೆ ತೂರಿ, ಆ ಬೂದು ವೈರಿನ ಕ್ಲಿಪ್ ಒತ್ತಿ ಎಳೆದುಬಿಟ್ಟೆ. ಐದು ನಿಮಿಷ ಅಲ್ಲೇ ಕಾದೆ. ದೀಪ ಆರಲಿಲ್ಲ. ಅಲಾರಂ ಕೂಗಲಿಲ್ಲ. ಶನಿವಾರ, ಭಾನುವಾರ ಯಾರೂ ಫೋನ್ ಮಾಡಲಿಲ್ಲ. ಸರ್ವರ್ ಬಿದ್ದ ಸುದ್ದಿ ಇಲ್ಲ, ಸಿಂಗಪುರದ ಕ್ಲೈಂಟಿನಿಂದ ಕೋಪದ ಇಮೇಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬಂದು ಬಗ್ಗಿ ನೋಡಿದೆ. ವೈರು ವಾಪಸ್ ಅದರ ಜಾಗದಲ್ಲಿತ್ತು. ಟೇಪು ಹೊಸದು. ಈ ಸಲ ಬೇರೆ ಕೈಬರಹ, ದಪ್ಪ ಮಾರ್ಕರ್: ದಯವಿಟ್ಟು ತೆಗೆಯಬೇಡಿ.