ಕಟ್ಟ ಕಟ್ಟುವ ದಿನ
'ಒಬ್ಬ ಸಾಮಾನ್ಯ ಮನುಷ್ಯನಿಂದ ಏನು ಬದಲಾಗ್ತದೆ' ಅಂತ ಕೇಳುವವರಿದ್ದಾರಲ್ಲ, ಅವರು ನಮ್ಮ ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರನ್ನು ನೋಡಲಿ, ಗ್ರೋಬ್ಯಾಗಲ್ಲಿ (ಗಿಡ ಬೆಳೆಸುವ ಚೀಲದಲ್ಲಿ) ಭತ್ತ ಬೆಳೆಸಿ 650ಕ್ಕೂ ಹೆಚ್ಚು ತಳಿ ಉಳಿಸಿದ್ರು, 2024ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಟ್ಟದ ಕೆಲಸವೂ ಹಾಗೇ, ಸಾಮಾನ್ಯ ಜನರೇ ಸೇರಿ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡವಾಗಿ ಕಲ್ಲು ಮಣ್ಣಿನ ಒಡ್ಡು ಕಟ್ಟೋದು. ಡಿಸೆಂಬರಲ್ಲಿ ತೋಡಿನ ನೀರು ಸಣ್ಣ ಆಗುವಾಗ ಮನೆಗೊಬ್ಬರು ಬಂದು ಕಲ್ಲು ಮಣ್ಣು ಹೊರ್ತೇವೆ, ಮೊಣಕಾಲವರೆಗೆ ಕೆಸರು, ನಡುವೆ ಚಾ ಅವಲಕ್ಕಿ, ಸಂಬಳ ಗಿಂಬಳ ಯಾರಿಗೂ ಇಲ್ಲ. ನೀರು ನಿಂತ್ರೆ ಬರೀ ಪಕ್ಕದ ಅಡಕೆ ತೋಟಕ್ಕಲ್ಲ, ಸುತ್ತಲಿನ ಬಾವಿಗಳಿಗೂ ಒರತೆ ಬರ್ತದೆ, ಅದಕ್ಕೇ ತೋಟ ಇಲ್ಲದವರೂ ಕೈ ಹಾಕ್ತಾರೆ, ನನಗೆ ಅದೇ ದೊಡ್ಡ ವಿಷಯ ಅನ್ನಿಸೋದು. ಹೋದ ವರ್ಷ ಏಪ್ರಿಲ್ ಕೊನೇಲೂ ನಮ್ಮ ಬಾವೀಲಿ ಕೊಡ ಪೂರ್ತಿ ಮುಳುಗ್ತಿತ್ತು, ಅಮ್ಮ ಪಕ್ಕದ ಮನೆಯವರನ್ನೂ ಕರೆದು ನೀರು ಕೊಟ್ರು.